ಕಾಂಗ್ರೆಸ್ಸೋ, ಕಮ್ಯುನಿಸ್ಟೋ? ಹೆಸರು ನಂಬಿ ಕೆಟ್ಟ ಕತೆ

1997ರ ಜುಲೈ ತಿಂಗಳು. ಬಿಡದ ಮಳೆ. ತೋಟಕ್ಕೆ ಇಳಿಯುವ ಹಾಗಿರಲಿಲ್ಲ. ಜಗಲಿಯಲ್ಲಿ ಕೂತು ತಿಪಟೂರು ಕಡೆಯ ಗೆಳೆಯನಿಗೆ ಒಂದು ಇನ್‌ಲ್ಯಾಂಡ್ ಪತ್ರ ಬರೆದೆ. ಆ ಒಂದು ಪತ್ರದಿಂದ ಆದ ಹಾನಿಯನ್ನು ಇಷ್ಟು ವರ್ಷದ ನಂತರವಾದರೂ ನಾಲ್ಕು ಜನ ಕೃಷಿಕರ ಮುಂದೆ ಒಪ್ಪಿಕೊಳ್ಳಬೇಕು ಅಂತ ಈ ಲೇಖನ.

ಗೆಳೆಯನ ಪರಿಚಯವಾದದ್ದು ಒಂದು ಕೃಷಿ ಪ್ರವಾಸದಲ್ಲಿ. ಅವನದು ಮೂರು ಎಕರೆ ತೆಂಗು, ಒಂದಿಷ್ಟು ರಾಗಿ ಹೊಲ. ನಮ್ಮ ಅಡಿಕೆ ತೋಟ ನೋಡಲು ಬಂದವನು, ಬುಡಬುಡಕ್ಕೂ ಹಾಸಿದ ಸೊಪ್ಪು ನೋಡಿ ಬೆರಗಾಗಿದ್ದ. ಊರಿಗೆ ಹೋದ ಮೇಲೆ ಕಾಗದ ಹಾಕಿದ. "ನಮ್ಮಲ್ಲಿ ನೆಲ ಕಾಯುತ್ತದೆ, ತೆಂಗಿನ ಬುಡ ಒಣಗುತ್ತದೆ. ಸೊಪ್ಪಿಗೆ ಏನು ಮಾಡಲಿ?" ಅಂತ ಪ್ರಶ್ನೆ.

ನಾನು ಬರೆದ ಉತ್ತರ ಹೀಗಿತ್ತು: "ನಿಮ್ಮಲ್ಲಿ ಕಾಂಗ್ರೆಸ್ ಗಿಡ ಇದ್ದರೆ ಬೇರೆ ಸೊಪ್ಪು ಹುಡುಕಲೇ ಬೇಡ. ಧಾರಾಳ ಕಡಿದು ಬುಡಕ್ಕೆ ಹಾಕು. ಬೇಗ ಕೊಳೆಯುತ್ತದೆ, ಒಳ್ಳೆ ಗೊಬ್ಬರ. ಕಡಿಯುವಾಗ ಕೈಗೆ ಕತ್ತಿ ತಾಗಿದರೆ ಅದೇ ಎಲೆಯನ್ನು ಜಜ್ಜಿ ರಸ ಹಿಂಡು, ರಕ್ತ ನಿಲ್ಲುತ್ತದೆ."

ಬರೆದದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ನಮ್ಮ ತೋಟದಲ್ಲಿ ನಾವು ಮಾಡುತ್ತಿದ್ದದ್ದೇ ಅದು. ತಪ್ಪಿದ್ದದ್ದು ಗಿಡದ ಹೆಸರಿನಲ್ಲಿ.

ದೀಪಾವಳಿಗೆ ಬಂದ ಗೆಳೆಯ

ಆ ವರ್ಷ ದೀಪಾವಳಿ ಕಳೆದು ನಾಲ್ಕು ದಿನಕ್ಕೆ ಗೆಳೆಯ ಮನೆಗೆ ಬಂದ. ಅಂಗಳದಲ್ಲಿ ನಿಂತವನನ್ನು ಮೊದಲು ಗುರುತೇ ಹಿಡಿಯಲಿಲ್ಲ. ರೆಪ್ಪೆಗಳು ಊದಿ ಕಣ್ಣು ಸಣ್ಣದಾಗಿತ್ತು. ಕುತ್ತಿಗೆ, ಮೊಣಕೈ ಮಡಿಕೆಗಳಲ್ಲಿ ಚರ್ಮ ದಪ್ಪಗೆ ಕಪ್ಪಾಗಿ ಒಡೆದಿತ್ತು. ತುಂಬುತೋಳಿನ ಅಂಗಿ, ಕೊರಳಿಗೆ ಟವೆಲ್ಲು.

"ಏನಾಯ್ತು ಮಾರಾಯ?" ಅಂತ ಕೇಳಿದೆ.

"ನೀವ್ ಹೇಳಿದ್ ಗಿಡಾನೇ ಕಡ್ದು ಹಾಕಿದ್ದು ಸ್ವಾಮಿ" ಅಂದ. ಸಿಟ್ಟಿನಿಂದ ಅಲ್ಲ, ಸುಮ್ಮನೆ ಅಂದ. ಅದೇ ನನಗೆ ಹೆಚ್ಚು ನಾಟಿತು.

ಪಾಳುಬಿದ್ದ ಹೊಲದಲ್ಲಿ ಸೊಂಟದೆತ್ತರ ಬೆಳೆದು ಹೂ ತುಂಬಿದ್ದ ಗಿಡವನ್ನು ಆಳುಗಳ ಜೊತೆ ತಾನೂ ಸೇರಿ ಕಡಿದಿದ್ದ. ಐದು ಗಾಡಿ ಸೊಪ್ಪು. ಅರುವತ್ತು ತೆಂಗಿನ ಬುಡಕ್ಕೆ ಹಾಕಿದರು. ಎರಡನೇ ದಿನವೇ ಕೈ ಕೆರೆತ. ವಾರದೊಳಗೆ ಮುಖ, ಕುತ್ತಿಗೆ. ಕೆಲಸಕ್ಕೆ ಬಂದಿದ್ದ ಒಬ್ಬ ಹೆಂಗಸಿಗೂ ಹಾಗೇ ಆಯಿತು. ಕತ್ತಿ ತಾಗಿದ ಬೆರಳಿಗೆ ಎಲೆ ಜಜ್ಜಿ ಕಟ್ಟಿದ್ದನಂತೆ. ಅದು ಕೀವಾಗಿ ತಿಂಗಳು ಹಿಡಿಯಿತು. ಚರ್ಮದ ಡಾಕ್ಟರು ಮದ್ದು ಕೊಟ್ಟು, "ಇನ್ನು ಆ ಗಿಡದ ಹತ್ತಿರ ಸುಳಿಯಬೇಡ, ಅದರ ಮೇಲೆ ಬೀಸಿದ ಗಾಳಿಯೂ ನಿನಗೆ ಆಗದು" ಅಂದಿದ್ದರು.

ನಾನು ಕೇಳಿದೆ, "ನಿಮ್ಮೂರಿನವರಿಗೆ ಅದು ಕೆರೆಸುವ ಗಿಡ ಅಂತ ಗೊತ್ತಿರಲಿಲ್ಲವಾ?"

"ಗೊತ್ತಿತ್ತು. ನಮ್ ಕಡೆ ಯಾರೂ ಅದುನ್ನ ಮುಟ್ಟಲ್ಲ. ನಂಗೂ ಮುಂಚೆ ಒಂದೆರಡ್ ಸಲ ಕೆರ್ತ ಬಂದಿತ್ತು. ಆದ್ರೆ ಇಪ್ಪತ್ತು ವರ್ಷ ತ್ವಾಟ ಮಾಡಿರೋರು ನೀವ್ ಬರ್ದಿದ್ದೀರಲ್ಲ ಅಂತ ನಂಬ್ದೆ."

ಕಣ್ಣಾರೆ ಕಂಡದ್ದನ್ನು ಬದಿಗಿಟ್ಟು ನನ್ನ ಅಕ್ಷರವನ್ನು ನಂಬಿದ್ದ. ಕೃಷಿಕರಿಗೆ ಕೃಷಿಕರೇ ಹೇಳಬೇಕು, ನಮ್ಮ ಅನುಭವವೇ ದೊಡ್ಡ ಪುಸ್ತಕ ಅಂತ ಅಲ್ಲಿ ಇಲ್ಲಿ ಮಾತಾಡುತ್ತಿದ್ದವ ನಾನು. ಆ ದಿನ ಬಾಯಿ ಕಟ್ಟಿತು.

ಎರಡು ಗಿಡ, ಒಂದು ಹೆಸರು

ಮಧ್ಯಾಹ್ನ ಊಟವಾದ ಮೇಲೆ ಗುಡ್ಡಕ್ಕೆ ಹೋದೆವು. "ಇದು ನೋಡು ನಾನು ಹೇಳಿದ ಕಾಂಗ್ರೆಸ್ ಗಿಡ" ಅಂತ ಒಂದು ಗೆಲ್ಲು ಮುರಿದು ಕೊಟ್ಟೆ. ಅವನು ತಿರುಗಿಸಿ ಮುರುಗಿಸಿ ನೋಡಿದ. ಮೂಸಿದ. "ಇದಲ್ವೇ ಅಲ್ಲ ಸ್ವಾಮಿ" ಅಂದ. ಚೀಲದಿಂದ ಪ್ಲಾಸ್ಟಿಕ್ ತೊಟ್ಟೆಯೊಂದನ್ನು ತೆಗೆದು ತೋರಿಸಿದ. ಒಳಗೆ ಒಣಗಿದ ಒಂದು ಗೆಲ್ಲು. ಸೇವಂತಿಗೆಯ ಹಾಗೆ ಸೀಳಿದ ಎಲೆ, ಸಾಬಕ್ಕಿಯಂಥ ಬಿಳಿ ಹೂ. ನಮ್ಮ ಬೈಲಿನಲ್ಲಿ ಅಂಥ ಗಿಡ ಇರಲಿಲ್ಲ. ಪೇಟೆಯ ಮಾರ್ಗದ ಬದಿಯಲ್ಲಿ ನೋಡಿದ್ದೆ ಅಷ್ಟೆ. ಅದಕ್ಕೆ ನಾನು ಹೆಸರೇ ಇಟ್ಟಿರಲಿಲ್ಲ.

ನಮ್ಮ ಮನೆಯಲ್ಲಿ ಗುಡ್ಡದ ಆ ಪೊದೆಗೆ ಅಜ್ಜನ ಕಾಲದಿಂದ 'ಕಾಂಗ್ರೆಸ್' ಎಂದೇ ರೂಢಿ. ತೋಡಿನ ಆಚೆ ಮನೆಯವರು ಅದನ್ನೇ 'ಕಮ್ಯುನಿಸ್ಟ್' ಅನ್ನುತ್ತಾರೆ. ಗಡಿ ದಾಟಿ ಕೇರಳಕ್ಕೆ ಹೋದರೆ 'ಕಮ್ಯುನಿಸ್ಟ್ ಪಚ್ಚ'. ಘಟ್ಟ ಹತ್ತಿದರೆ ಮಲೆನಾಡಿನವರಿಗೆ ಅದು 'ಯುಪಟೋರಿಯಂ'. ಇನ್ನೂ ಮೇಲೆ ಬಯಲುಸೀಮೆಗೆ ಹೋದರೆ 'ಕಾಂಗ್ರೆಸ್ ಗಿಡ' ಅಂದರೆ ಬೇರೆಯೇ ಗಿಡ. ನಾವು ಒಂದೇ ಪದ ಆಡಿದೆವು, ಇಬ್ಬರ ಕಣ್ಣ ಮುಂದೆ ಇದ್ದದ್ದು ಎರಡು ಗಿಡ.

ಹೆಸರು ಹೇಳಬೇಡಿ, ಗೆಲ್ಲು ತನ್ನಿ

ಮಾರನೇ ದಿನ ಇಬ್ಬರೂ ಪೇಟೆಯ ಕಾಲೇಜಿನ ಸಸ್ಯಶಾಸ್ತ್ರದ ಉಪನ್ಯಾಸಕರ ಹತ್ತಿರ ಹೋದೆವು. ನಾನು ಕತೆ ಶುರು ಮಾಡುವ ಮೊದಲೇ ಅವರು ಕೈ ಎತ್ತಿದರು. "ಹೆಸರು ಹೇಳಬೇಡಿ. ಗೆಲ್ಲು ತಂದಿದ್ದೀರಾ?" ಎರಡೂ ಗೆಲ್ಲನ್ನು ಮೇಜಿನ ಮೇಲೆ ಇಟ್ಟೆವು. ಐದು ನಿಮಿಷದಲ್ಲಿ ಪಂಚಾತಿಗೆ ಮುಗಿಯಿತು.

ನಮ್ಮ ಗುಡ್ಡದ್ದು ಕ್ರೋಮೊಲೀನಾ ಒಡೊರಾಟಾ. ಗೆಳೆಯನ ಹೊಲದ್ದು ಪಾರ್ಥೇನಿಯಂ ಹಿಸ್ಟರೋಫೋರಸ್. ಎರಡೂ ಸೂರ್ಯಕಾಂತಿಯ ಕುಟುಂಬದವೇ. ಎರಡರ ತವರೂ ಅಮೆರಿಕ ಖಂಡ. ಎರಡೂ ಇಲ್ಲಿ ಬಂದು ನಮ್ಮ ಗಿಡಗಳನ್ನು ಮೂಲೆಗೆ ತಳ್ಳಿದವು. ಆದರೆ ಗುಣ ಬೇರೆ, ಉಪಯೋಗ ಬೇರೆ, ತೊಂದರೆ ಬೇರೆ. ಅವರು ಆ ದಿನ ತೋರಿಸಿಕೊಟ್ಟ ಗುರುತುಗಳನ್ನು ಇಲ್ಲಿ ಬರೆಯುತ್ತೇನೆ. ನಿಮ್ಮ ಊರಿನಲ್ಲಿ ಯಾವ ಹೆಸರು ಇದ್ದರೂ ಇದನ್ನು ತಾಳೆ ನೋಡಬಹುದು.

ಕ್ರೋಮೊಲೀನಾ ಒಡೊರಾಟಾ: ಹಲವು ವರ್ಷ ಬಾಳುವ ಪೊದೆ. ಆಳೆತ್ತರ ಮೀರಿ ಬೆಳೆಯುತ್ತದೆ, ಆಸರೆ ಸಿಕ್ಕಿದರೆ ಮರಕ್ಕೂ ಒರಗಿ ಏರುತ್ತದೆ. ಎಲೆಗಳು ಎದುರುಬದುರು ಜೋಡಿಯಾಗಿ ಇರುತ್ತವೆ. ಎಲೆ ಮುಕ್ಕೋಣ, ಅಂಚಿಗೆ ಹಲ್ಲು. ಎಲೆಯ ಬುಡದ ಹತ್ತಿರ ಮೂರು ನರಗಳು ತ್ರಿಶೂಲದ ಹಾಗೆ ಕವಲೊಡೆಯುತ್ತವೆ. ಇದೇ ಒಳ್ಳೆಯ ಗುರುತು. ಕೈಯಲ್ಲಿ ತಿಕ್ಕಿದರೆ ಘಾಟು ವಾಸನೆ. ನವೆಂಬರಿನಿಂದ ಜನವರಿಯ ಹೊತ್ತಿಗೆ ಗುಡ್ಡವಿಡೀ ತಿಳಿನೇರಳೆ ಇಲ್ಲವೆ ಬಿಳಿಚು ಬಣ್ಣದ ಹೂವಿನ ಗೊಂಚಲು. ಬೀಜಕ್ಕೆ ಕೂದಲಿನ ಕುಚ್ಚು, ಗಾಳಿಗೆ ಹಾರುತ್ತದೆ, ಬಟ್ಟೆಗೆ ಅಂಟುತ್ತದೆ. ಬುಡ ಬಿಟ್ಟು ಕಡಿದರೆ ಮತ್ತೆ ಚಿಗುರುತ್ತದೆ.

ಪಾರ್ಥೇನಿಯಂ ಹಿಸ್ಟರೋಫೋರಸ್: ಪೊದೆಯಲ್ಲ, ಕೆಲವು ತಿಂಗಳು ಬಾಳುವ ಗಿಡ. ಎಳೆಯದರಲ್ಲಿ ಎಲೆಗಳು ಚಕ್ರದ ಹಾಗೆ ನೆಲಕ್ಕೆ ಒತ್ತಿಕೊಂಡಿರುತ್ತವೆ. ಆಮೇಲೆ ದಂಟು ಎದ್ದು ಸೊಂಟದೆತ್ತರ, ಕೆಲವೆಡೆ ಆಳೆತ್ತರ. ಎಲೆ ಕ್ಯಾರೆಟ್ ಅಥವಾ ಸೇವಂತಿಗೆ ಎಲೆಯಂತೆ ಸೀಳುಸೀಳು. ಹೂವು ಬಿಳಿ, ಚಿಕ್ಕದು, ಹತ್ತಿರದಿಂದ ನೋಡಿದರೆ ಐದು ಮೂಲೆ. ತೇವ ಇದ್ದರೆ ವರ್ಷದ ಯಾವ ಕಾಲದಲ್ಲೂ ಹೂ ಬಿಡುತ್ತದೆ. ಒಂದು ದೊಡ್ಡ ಗಿಡದಲ್ಲಿ 15ರಿಂದ 25 ಸಾವಿರ ಬೀಜ. ಗಾಳಿ, ಹರಿಯುವ ನೀರು, ಗಾಡಿಯ ಚಕ್ರ, ಹಟ್ಟಿಗೊಬ್ಬರ, ಎಲ್ಲದರ ಜೊತೆಗೂ ಪ್ರಯಾಣ ಮಾಡುತ್ತದೆ. ಇದರಲ್ಲಿರುವ ಪಾರ್ಥೇನಿನ್ ಎಂಬ ವಸ್ತು ಕೆಲವರ ಚರ್ಮಕ್ಕೆ ಆಗುವುದಿಲ್ಲ. ಮುಟ್ಟಿ ಮುಟ್ಟಿ ಒಮ್ಮೆ ಅಲರ್ಜಿ ಶುರುವಾಯಿತೆಂದರೆ ಮತ್ತೆ ಬಿಡುವುದು ಕಷ್ಟ. ದನಗಳು ತಿಂದರೆ ಹಾಲಿಗೆ ಕಹಿ.

ಈಗ ನನ್ನ ಪತ್ರವನ್ನು ಇನ್ನೊಮ್ಮೆ ಓದಿ ನೋಡಿ. "ಧಾರಾಳ ಕಡಿ, ಬುಡಕ್ಕೆ ಹಾಕು, ಗಾಯಕ್ಕೆ ಹಚ್ಚು." ಮೊದಲನೆಯ ಗಿಡಕ್ಕೆ ಬರೆದ ಮಾತು ಎರಡನೆಯ ಗಿಡಕ್ಕೆ ಹೋದರೆ ಏನಾದೀತು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಚರ್ಮ ಕೆಟ್ಟದ್ದು ಒಂದು. ಹೂಬಿಟ್ಟ ಗಿಡ ಹಾಕಿದ್ದರಿಂದ ಮುಂದಿನ ಮಳೆಗೆ ಅರುವತ್ತು ತೆಂಗಿನ ಬುಡದಲ್ಲೂ ಅಗೆ ಹಾಕಿದ ಹಾಗೆ ಪಾರ್ಥೇನಿಯಂ ಎದ್ದಿತು. ಅದನ್ನು ಹತೋಟಿಗೆ ತರಲು ಮೂರು ವರ್ಷ ಬೇಕಾಯಿತು. ಕೀಳುವುದಕ್ಕೆ ಗೆಳೆಯನಿಗೆ ಕೈ ಹಾಕುವಂತಿಲ್ಲ. ಎಲ್ಲದಕ್ಕೂ ಕೂಲಿ.

ಊರೂರಿನಲ್ಲೂ ರಾಜಕೀಯದವರ ಹೆಸರು

ಗಿಡಕ್ಕೆ ಪಾರ್ಟಿಯ ಹೆಸರು ಯಾಕೆ ಬಂತು? ಉಪನ್ಯಾಸಕರು ನಕ್ಕು ಹೇಳಿದ್ದು ಇಷ್ಟು: ಬೇಡದ ಗಿಡ ಬಂದು ಹಬ್ಬಿದರೆ ಜನ ಆ ಕಾಲದ ದೊಡ್ಡವರ ತಲೆಗೆ ಕಟ್ಟುತ್ತಾರೆ, ಇಲ್ಲವೇ ನೆರೆಯವರ ತಲೆಗೆ.

ಆಫ್ರಿಕದ ಘಾನಾ ದೇಶದಲ್ಲಿ ನಮ್ಮ ಗುಡ್ಡದ ಇದೇ ಕ್ರೋಮೊಲೀನಾಕ್ಕೆ 'ಅಚಾಂಪಾಂಗ್' ಎಂಬ ಹೆಸರು. ಅದು 1972ರಿಂದ 1978ರ ತನಕ ಆ ದೇಶ ಆಳಿದ ಸೇನಾಧಿಕಾರಿಯ ಹೆಸರು. ನೈಜೀರಿಯದಲ್ಲಿ ಅದೇ ಗಿಡ 'ಅವೊಲೊವೊ'. ಅವರೂ ಅಲ್ಲಿನ ದೊಡ್ಡ ರಾಜಕಾರಣಿ. ವಿಯೆಟ್ನಾಮಿನವರು ಅದನ್ನು 'ಲಾವೋಸ್ ಹುಲ್ಲು' ಅನ್ನುತ್ತಾರೆ. ಲಾವೋಸ್ ಅವರ ಪಕ್ಕದ ದೇಶ. ಇಂಗ್ಲಿಷಿನವರು 'ಸಯಾಂ ಕಳೆ' ಅಂದರು. ಸಯಾಂ ಅಂದರೆ ಥಾಯ್‌ಲ್ಯಾಂಡ್. ಗಿಡ ನೋಡಿದರೆ ಆ ಯಾವ ದೇಶದ್ದೂ ಅಲ್ಲ. ಅಮೆರಿಕ ಖಂಡದಿಂದ ಬಂದದ್ದು. ನಮ್ಮ ದೇಶಕ್ಕೆ 19ನೇ ಶತಮಾನದಲ್ಲಿ ಕಲ್ಕತ್ತಾದ ಸಸ್ಯೋದ್ಯಾನಕ್ಕೆ ಚಂದದ ಗಿಡವಾಗಿ ತಂದರು. ಅಲ್ಲಿಂದ ಬೇಲಿ ಹಾರಿತು.

ಪಾರ್ಥೇನಿಯಂ ಕತೆಯೂ ಹಾಗೆಯೇ. 1956ರಲ್ಲಿ ಪುಣೆಯಲ್ಲಿ ಅದು ಹಬ್ಬಿದ್ದನ್ನು ದಾಖಲು ಮಾಡಿದರು. ಅಮೆರಿಕದಿಂದ ಬಂದ ಗೋಧಿಯ ಜೊತೆ ಬಂತು ಎಂಬ ಮಾತು ಎಲ್ಲೆಲ್ಲೂ ಇದೆ. ಆಗ ಆಳುತ್ತಿದ್ದದ್ದು ಕಾಂಗ್ರೆಸ್. ಹೂವು ಬೇರೆ ಗಾಂಧಿ ಟೋಪಿಯ ಹಾಗೆ ಬೆಳ್ಳಗೆ. ಹೆಸರು ಅಂಟಿಕೊಂಡಿತು. ಹಿಂದಿಯವರು ಎಲೆ ನೋಡಿ 'ಗಾಜರ್ ಘಾಸ್' ಅಂದರು, ಅಂದರೆ ಕ್ಯಾರೆಟ್ ಹುಲ್ಲು. ನನಗೆ ಕೇಳಿದರೆ ಈ ಹೆಸರು ಹೆಚ್ಚು ಉಪಕಾರದ್ದು. ಗಿಡ ನೋಡದವನಿಗೂ ಎಲೆಯ ಅಂದಾಜು ಸಿಗುತ್ತದೆ. ಪಾರ್ಟಿಯ ಹೆಸರಿನಿಂದ ಎಲೆಯೂ ತಿಳಿಯದು, ಹೂವೂ ತಿಳಿಯದು.

ಅರ್ಧ ಹೆಸರಿನ ಅಪಾಯ

"ಹಾಗಾದರೆ ಮಲೆನಾಡಿನವರು ಹೇಳುವ ಯುಪಟೋರಿಯಂ ಸರಿ, ಅದು ವೈಜ್ಞಾನಿಕ ಹೆಸರಲ್ಲವೇ?" ಅಂತ ಕೇಳಿದೆ.

ಅರ್ಧ ಸರಿ ಅಂದರು. ವೈಜ್ಞಾನಿಕ ಹೆಸರಿಗೆ ಯಾವಾಗಲೂ ಎರಡು ತುಂಡು. ಮೊದಲನೆಯದು ಮನೆತನದ ಹಾಗೆ, ಎರಡನೆಯದು ಆ ಮನೆಯ ಒಬ್ಬನ ಹೆಸರಿನ ಹಾಗೆ. ಬರೇ ಮೊದಲ ತುಂಡು ಹೇಳಿದರೆ ಮನೆಗೆ ಮುಟ್ಟೀತು, ಆಳು ಸಿಕ್ಕಲಿಕ್ಕಿಲ್ಲ.

ಲಿನ್ನೇಯಸ್ 1759ರಲ್ಲಿ ಈ ಗಿಡಕ್ಕೆ ಯುಪಟೋರಿಯಂ ಒಡೊರಾಟಂ ಅಂತ ಹೆಸರು ಕೊಟ್ಟ. ಅದೇ ಯುಪಟೋರಿಯಂ ಮನೆತನದಲ್ಲಿ ಮತ್ತೊಂದು ಕಳೆಯೂ ಇತ್ತು, ಯುಪಟೋರಿಯಂ ಅಡಿನೋಫೋರಂ. ಅದು ನೀಲಗಿರಿಯಲ್ಲಿ, ಹಿಮಾಲಯದ ತಪ್ಪಲಲ್ಲಿ, ತಂಪಿನ ಜಾಗದಲ್ಲಿ ಹಬ್ಬಿದ ಗಿಡ. ಕುದುರೆಗಳು ಅದನ್ನು ಮೇಯ್ದರೆ ಶ್ವಾಸಕೋಶ ಕೆಟ್ಟು ಸಾಯುತ್ತವೆ. ಅದನ್ನು ಹತೋಟಿಗೆ ತರಲು 1963ರಲ್ಲಿ ನೀಲಗಿರಿಗೆ ಒಂದು ನೊಣವನ್ನು ತರಿಸಿ ಬಿಟ್ಟರು. ದಂಟಿನಲ್ಲಿ ಗಂಟು ಮಾಡಿ ಗಿಡವನ್ನು ಸೊರಗಿಸುವ ನೊಣ ಅದು. ನಮ್ಮ ಗುಡ್ಡದ ಗಿಡಕ್ಕೆ ಆ ನೊಣ ಬಾರದು. ಇದಕ್ಕೆ ಗಂಟು ಮಾಡುವ ನೊಣ ಬೇರೆ. ಅದನ್ನು ಇಂಡೋನೇಷ್ಯದಿಂದ ತರಿಸಿದ್ದು 2000ದ ದಶಕದಲ್ಲಿ. "ಯುಪಟೋರಿಯಂಗೆ ನೊಣ ಬಿಟ್ಟಿದ್ದಾರಂತೆ" ಅಂತ ಸುದ್ದಿ ಕೇಳಿ ನೀಲಗಿರಿಗೆ ಬಸ್ಸು ಹತ್ತಿದರೆ ಬಸ್ಸಿನ ಛಾರ್ಜು ದಂಡ.

ಇನ್ನೊಂದು ತೊಡಕೂ ಇದೆ. ವೈಜ್ಞಾನಿಕ ಹೆಸರೂ ಒಮ್ಮೊಮ್ಮೆ ಬದಲಾಗುತ್ತದೆ. 1970ರಲ್ಲಿ ಸಸ್ಯಶಾಸ್ತ್ರಜ್ಞರು ನಮ್ಮ ಗಿಡವನ್ನು ಯುಪಟೋರಿಯಂ ಮನೆಯಿಂದ ಬೇರೆ ಮಾಡಿ ಕ್ರೋಮೊಲೀನಾ ಮನೆಗೆ ಸೇರಿಸಿದರು. ನೀಲಗಿರಿಯದ್ದು ಈಗ ಅಗೆರಟೈನಾ ಅಡಿನೋಫೋರಾ. ಹಳೆಯ ಕರಪತ್ರಗಳಲ್ಲಿ ಹಳೆಯ ಹೆಸರೇ ಇರುತ್ತದೆ. "ಹಾಗಾದರೆ ಇದೂ ನಂಬುವ ಹಾಗಿಲ್ಲವಲ್ಲ" ಅಂತ ನನಗೂ ಅನ್ನಿಸಿತ್ತು. ಆದರೆ ವ್ಯತ್ಯಾಸ ಇದೆ. ಇಲ್ಲಿ ಹೆಸರು ಬದಲಾದರೆ ಯಾರು, ಯಾವಾಗ, ಯಾಕೆ ಬದಲಿಸಿದರು ಅಂತ ಲಿಖಿತ ದಾಖಲೆ ಇರುತ್ತದೆ. ಜಮೀನಿನ ಸರ್ವೆ ನಂಬರಿನ ಹಾಗೆ. ಹೊಸ ನಂಬರು ಬಂದರೂ ಹಳೆ ನಂಬರು ಹಿಡಿದು ಹುಡುಕಬಹುದು. ನಮ್ಮ ಊರಿನ ಹೆಸರಿಗೆ ಅಂಥ ಪಹಣಿ ಇಲ್ಲ.

ಇದೇ ಥರದ ಇನ್ನೊಂದು ಹೆಸರು ಅಂತರಗಂಗೆ. ಹಿಂದಿನವರು ಅಂತರಗಂಗೆ ಅಂದದ್ದು ನೀರ ಮೇಲೆ ಪುಟ್ಟ ಎಲೆಕೋಸಿನ ಹಾಗೆ ತೇಲುವ ಪಿಸ್ಟಿಯಾ ಸ್ಟ್ರಾಟಿಯೋಟಿಸ್ ಗಿಡವನ್ನು. ಆಮೇಲೆ ಕೆರೆಗಳನ್ನು ಮುಚ್ಚಿದ, ನೇರಳೆ ಹೂವಿನ, ಊದಿದ ತೊಟ್ಟಿನ ಐಕಾರ್ನಿಯಾ ಕ್ರಾಸಿಪಿಸ್ ಗಿಡಕ್ಕೂ ಜನ ಅದೇ ಹೆಸರು ಹೇಳತೊಡಗಿದರು. ಈ ಎರಡನ್ನು ತಿನ್ನುವ ಸೊಂಡಿಲು ಹುಳಗಳೂ ಬೇರೆ ಬೇರೆ. "ಅಂತರಗಂಗೆಗೆ ಹುಳ ಬೇಕು" ಅಂತ ಅರ್ಜಿ ಹಾಕಿದರೆ ಯಾವುದನ್ನು ಕಳಿಸಿಯಾರು?

ಹುಳಕ್ಕೆ ಮೋಸವಾಗುವುದಿಲ್ಲ

1998ರ ಆಗಸ್ಟಿನಲ್ಲಿ ಗೆಳೆಯನ ಊರಿಗೆ ಹೋದೆ. ಬುಡ ಬಿಡಿಸಲು ನಾನೂ ಕೈ ಸೇರಿಸಬೇಕು ಅಂತ ಮನಸ್ಸಿತ್ತು. ಕೈಗೆ ಚೀಲ ಕಟ್ಟಿಕೊಂಡು ಕಿತ್ತೆ. ಆಗ ಆ ಗಿಡಗಳ ಮೇಲೆ ಒಂದು ಜೀರುಂಡೆ ಕಂಡಿತು. ಹೆಸರುಕಾಳಿಗಿಂತ ಸ್ವಲ್ಪ ದೊಡ್ಡದು, ಕೆನೆ ಬಣ್ಣದ ಬೆನ್ನಿಗೆ ಕಂದು ಗೀಟು. ಎಲೆಗಳನ್ನೆಲ್ಲ ಕೆರೆದು ತಿಂದು ಬರೇ ದಂಟು ಉಳಿಸಿತ್ತು. ಇದರ ಹೆಸರು ಝೈಗೊಗ್ರಾಮಾ ಬೈಕೊಲರಾಟಾ. 1983ರಲ್ಲಿ ಮೆಕ್ಸಿಕೋದಿಂದ ಬೆಂಗಳೂರಿಗೆ ತರಿಸಿ, ಪರೀಕ್ಷೆ ಮಾಡಿ, 1984ರಲ್ಲಿ ಹೊರಗೆ ಬಿಟ್ಟದ್ದು. ಮಳೆಗಾಲದಲ್ಲಿ ಕೆಲಸ ಮಾಡುತ್ತದೆ, ಬೇಸಿಗೆಯಲ್ಲಿ ಮಣ್ಣಿನೊಳಗೆ ನಿದ್ರೆ.

ಎಂಟು ಹುಳಗಳನ್ನು ಹಾರ್ಲಿಕ್ಸ್ ಬಾಟಲಿಗೆ ಹಾಕಿ, ಬಾಯಿಗೆ ಬಟ್ಟೆ ಕಟ್ಟಿ, ತಿನ್ನಲು ಹೂವಿಲ್ಲದ ಎಳೆ ಎಲೆಗಳನ್ನು ಹಾಕಿ ಮನೆಗೆ ತಂದೆ. ಬಾಟಲಿ ತೊಳೆದು ನಮ್ಮ ಗುಡ್ಡದ ಗಿಡದ ಎಳೆ ಚಿಗುರು ಹಾಕಿದೆ. ನಮ್ಮ ಮನೆಯಲ್ಲಿ ಅದಕ್ಕೂ ಕಾಂಗ್ರೆಸ್ ಎಂದೇ ಹೆಸರಷ್ಟೆ! ಎರಡು ದಿನ ಕಾದೆ. ಎಂಟರಲ್ಲಿ ಒಂದೂ ಬಾಯಿ ಇಡಲಿಲ್ಲ. ಮೂರನೇ ದಿನ ಪೇಟೆಯ ಮಾರ್ಗದ ಬದಿಯಿಂದ ಎರಡು ಪಾರ್ಥೇನಿಯಂ ಎಲೆ ತಂದು ಹಾಕಿದೆ. ಸಂಜೆಯೊಳಗೆ ತೂತು ಬಿತ್ತು.

ಉಪನ್ಯಾಸಕರಿಗೆ ಹೇಳಿದೆ. "ಹುಳಕ್ಕೆ ಕನ್ನಡವೂ ಬಾರದು, ಲ್ಯಾಟಿನ್ನೂ ಬಾರದು. ಅದಕ್ಕೆ ಗಿಡ ಗೊತ್ತು. ಹೆಸರು ನೋಡಿ ಮೋಸ ಹೋಗುವವರು ನಾವು ಮಾತ್ರ" ಅಂದರು.

ಊರ ಹೆಸರು ಬಿಡಬೇಕೇ?

ಬೇಡ. ಖಂಡಿತ ಬೇಡ. ಆಳುಗಳ ಹತ್ತಿರ "ಕ್ರೋಮೊಲೀನಾ ಒಡೊರಾಟಾ ಎರಡು ಕಟ್ಟ ತನ್ನಿ" ಅಂದರೆ ಅವರು ನನ್ನನ್ನು ಡಾಕ್ಟರ ಹತ್ತಿರ ಕರಕೊಂಡು ಹೋಗುತ್ತಾರೆ. ಮನೆಯೊಳಗೆ, ಬೈಲಿನೊಳಗೆ ನಮ್ಮ ಹೆಸರೇ ಸಾಕು. ಕೆಲವು ಊರ ಹೆಸರುಗಳಲ್ಲಿ ಗಿಡದ ಗುಣವೇ ಅಡಗಿರುತ್ತದೆ. ಮೈಕೇನಿಯಾ ಮೈಕ್ರಾಂತಾ ಎಂಬ ಬಳ್ಳಿಗೆ ಕೇರಳದಲ್ಲಿ 'ಧೃತರಾಷ್ಟ್ರ ಪಚ್ಚ' ಅನ್ನುತ್ತಾರೆ. ಭೀಮ ಅಂತ ತಿಳಿದು ಕಬ್ಬಿಣದ ಮೂರ್ತಿಯನ್ನು ತಬ್ಬಿ ಪುಡಿ ಮಾಡಿದನಲ್ಲ ಧೃತರಾಷ್ಟ್ರ, ಹಾಗೆ ಈ ಬಳ್ಳಿ ಮರವನ್ನು ತಬ್ಬಿ ಕೊಲ್ಲುತ್ತದೆ. ಹೆಸರು ಕೇಳಿದ ಕೂಡಲೇ ಕತ್ತಿ ಹಿಡಿಯಬೇಕು ಅನ್ನಿಸುತ್ತದೆ. ಆ ಕೆಲಸ ಲ್ಯಾಟಿನ್ ಹೆಸರಿನಿಂದ ಆಗದು.

ಆದರೆ ನಮ್ಮ ಮಾತು ತೋಡು ದಾಟಿ, ಘಟ್ಟ ದಾಟಿ ಹೋಗುವಾಗ ಊರ ಹೆಸರು ಒಂದೇ ಸಾಲದು. ಮದ್ದಿನ ವಿಷಯ, ಮೇವಿನ ವಿಷಯ, ಕಳೆನಾಶಕದ ವಿಷಯ, ಹುಳ ಬಿಡುವ ವಿಷಯ, ಈ ನಾಲ್ಕರಲ್ಲಂತೂ ಪೂರ್ತಿ ವೈಜ್ಞಾನಿಕ ಹೆಸರು ಜೊತೆಗೆ ಇರಲೇಬೇಕು.

"ಲ್ಯಾಟಿನ್ ನಮ್ಮ ನಾಲಿಗೆಗೆ ಹೊರಳುವುದಿಲ್ಲ" ಅನ್ನುವವರಿಗೆ ಒಂದು ಮಾತು. ಗ್ಲಿರಿಸಿಡಿಯಾ ಅನ್ನುತ್ತೀರಲ್ಲ, ಅದು ಲ್ಯಾಟಿನ್ ಹೆಸರು. ಅಜೋಲಾ, ಅಕೇಶಿಯಾ, ಟ್ರೈಕೋಡರ್ಮಾ, ಇವೂ ಹಾಗೆಯೇ. ಕೊಳೆರೋಗಕ್ಕೆ ಬೋರ್ಡೋ ಹೊಡೆಯುವ ನಮ್ಮವರ ಬಾಯಲ್ಲಿ ಫೈಟಾಪ್ತೊರಾ ಸಲೀಸಾಗಿ ಬರುತ್ತದೆ. ಬೇಕು ಅನ್ನಿಸಿದ ಹೆಸರನ್ನು ರೈತ ಕಲಿಯುತ್ತಾನೆ.

ನಾನು ಈಗ ಮಾಡುವ ಕ್ರಮ

1. ಗಿಡದ ವಿಷಯ ಬರೆಯುವಾಗ ಊರಿನ ಹೆಸರು, ಯಾವ ಊರು, ಆಮೇಲೆ ವೈಜ್ಞಾನಿಕ ಹೆಸರಿನ ಎರಡೂ ತುಂಡು. ಹಳೆಯ ಹೆಸರು ಗೊತ್ತಿದ್ದರೆ ಅದೂ ಇರಲಿ.

2. ವೈಜ್ಞಾನಿಕ ಹೆಸರು ಗೊತ್ತಿಲ್ಲದಿದ್ದರೆ ಊಹಿಸಿ ಬರೆಯುವುದಿಲ್ಲ. ಎಲೆ ಜೋಡಿಯೋ ಒಂಟಿಯೋ, ಅಂಚು ಹೇಗೆ, ಹೂವಿನ ಬಣ್ಣ, ಹೂ ಬಿಡುವ ತಿಂಗಳು, ಎತ್ತರ, ವಾಸನೆ ಇಷ್ಟನ್ನು ಬರೆಯುತ್ತೇನೆ.

3. ಎಲೆಯಿರುವ ಒಂದು ಗೆಲ್ಲನ್ನು ಹಳೆ ಪೇಪರಿನ ನಡುವೆ ಇಟ್ಟು, ಮೇಲೆ ಭಾರ ಹೇರಿ ಒಣಗಿಸುತ್ತೇನೆ. ಪೇಪರನ್ನು ದಿನ ಬಿಟ್ಟು ದಿನ ಬದಲಿಸಬೇಕು. ಬದಿಯಲ್ಲಿ ತಾರೀಕು, ಜಾಗ ಬರೆದಿಡಬೇಕು. ಕಾಲೇಜಿನವರಿಗೆ, ಕೃಷಿ ವಿಜ್ಞಾನ ಕೇಂದ್ರದವರಿಗೆ ತೋರಿಸಲು ಅದೇ ಸಾಕು.

4. ಕಳೆಗಿಡವಾದರೆ ಬೀಜ ಇರುವ ಗೆಲ್ಲನ್ನು ಅಂಚೆಯಲ್ಲಿ ಕಳಿಸುವುದೇ ಇಲ್ಲ. ನಮ್ಮ ಕೈಯಾರೆ ಬಿತ್ತನೆ ಮಾಡಿದ ಹಾಗೆ ಆದೀತು.

5. ಮೊಬೈಲಿನಲ್ಲಿ ಫೋಟೋ ಕಳಿಸುವವರು ದೂರದಿಂದ ಒಂದು, ಎಲೆಯ ಹತ್ತಿರದಿಂದ ಒಂದು, ಹೂವಿನದು ಒಂದು, ಹೀಗೆ ಮೂರು ಕಳಿಸಿ. ಪಕ್ಕದಲ್ಲಿ ಒಂದು ರೂಪಾಯಿಯ ನಾಣ್ಯ ಇಟ್ಟರೆ ಗಾತ್ರ ತಿಳಿಯುತ್ತದೆ.

ಈ ಎರಡು ಗಿಡಗಳ ಬಗ್ಗೆ ಕೊನೆಗೆ ಎರಡು ಮಾತು. ಕ್ರೋಮೊಲೀನಾ ಸೊಪ್ಪನ್ನು ಹೂ ಬಿಡುವ ಮೊದಲು, ಅಂದರೆ ದೀಪಾವಳಿಯ ಒಳಗೆ ಕಡಿದು ತೋಟಕ್ಕೆ ಹಾಕಿ. ಬೇಸಿಗೆಗೆ ಬಿಟ್ಟರೆ ಒಣಗಿ ಗುಡ್ಡಕ್ಕೆ ಬೆಂಕಿ ಬಿದ್ದಾಗ ಎಣ್ಣೆ ಹೊಯ್ದ ಹಾಗೆ ಉರಿಯುತ್ತದೆ. ಗಾಯಕ್ಕೆ ಅದರ ರಸ ಸಣ್ಣಪುಟ್ಟ ಗೀರಿಗೆ ಆದೀತು, ಆಳದ ಗಾಯಕ್ಕೆ ಡಾಕ್ಟರೇ ಬೇಕು. ಪಾರ್ಥೇನಿಯಂ ಕಿತ್ತರೆ ಹೂವಿಗೆ ಮೊದಲೇ, ಮಣ್ಣು ಹಸಿ ಇರುವಾಗ ಬೇರು ಸಮೇತ ಕೀಳಿ. ಕೈಗೆ ಗವಸು, ತುಂಬುತೋಳಿನ ಅಂಗಿ ಇರಲಿ. ಒಮ್ಮೆ ಅಲರ್ಜಿ ಬಂದವರು ಆ ಕೆಲಸಕ್ಕೆ ಹೋಗಲೇಬೇಡಿ.

ಗೆಳೆಯ ಈಗಲೂ ಮಳೆಗಾಲದಲ್ಲಿ ಹೊಲಕ್ಕೆ ಇಳಿಯುವುದಿಲ್ಲ. ಮಗ ನೋಡಿಕೊಳ್ಳುತ್ತಾನೆ. ತೆಂಗಿನ ಬುಡಕ್ಕೆ ಈಗ ಗ್ಲಿರಿಸಿಡಿಯಾ ಸೊಪ್ಪು. ಬೇಲಿಗೆ ನೆಡಲು ಕಡ್ಡಿ ನಾನೇ ಕೊಟ್ಟದ್ದು. ಕೊಡುವಾಗ ಹೆಸರು ಹೇಳಿ ಬಿಡಲಿಲ್ಲ, ಕಡ್ಡಿ ಹೊತ್ತು ಅವನ ಹೊಲದ ಬದಿಗೇ ಹೋಗಿ ನೆಟ್ಟು ತೋರಿಸಿದೆ. ನಮ್ಮ ಸ್ನೇಹ ಉಳಿಯಿತು, ಅದು ಅವನ ದೊಡ್ಡತನ.

ಓದುಗರಲ್ಲಿ ಒಂದು ವಿನಂತಿ. ಮೇಲೆ ಹೇಳಿದ ಗುರುತುಗಳನ್ನು ಹಿಡಿದು ಈ ಎರಡು ಗಿಡಗಳನ್ನು ನಿಮ್ಮ ಊರಿನಲ್ಲಿ ನೋಡಿ. ನಿಮ್ಮಲ್ಲಿ ಅವಕ್ಕೆ ಏನು ಹೆಸರು, ಯಾವ ತಾಲೂಕು, ಯಾವ ತಿಂಗಳಲ್ಲಿ ಹೂ, ಒಂದು ಕಾರ್ಡಿನಲ್ಲಿ ಪತ್ರಿಕೆಗೆ ಬರೆದು ತಿಳಿಸಿ. ಹತ್ತು ಊರಿನ ಹೆಸರುಗಳು ಒಂದೇ ಪಟ್ಟಿಯಲ್ಲಿ ಬಂದರೆ, ಮುಂದೆ ನನ್ನಂಥವನು ಬರೆದ ಕಾಗದದಿಂದ ಇನ್ನೊಬ್ಬನ ಮೈ ಕೆಡುವುದು ತಪ್ಪೀತು.